ಎಸ್ಸೆಸ್ಸೆಲ್ಸಿ ಆಯ್ತು, ಅಡುಗೆ ಕಲಿಯಬೇಕು: ಐಟಿಐ ಸೇರಲಾ, ಪಿಯುಸಿ ಮುಗಿಸಿ ಹೋಟೆಲ್ ಮ್ಯಾನೇಜ್‌ಮೆಂಟ್ ಕಲಿಸುವ ಐಎಚ್‌ಎಂಗೆ ಹೋಗಲಾ?

ಐಟಿಐಯ ಫುಡ್ ಪ್ರೊಡಕ್ಷನ್ ಟ್ರೇಡ್‌ಗೆ ಹತ್ತನೇ ತರಗತಿ ಪಾಸಾದರೆ ಸಾಕು. ಅವಧಿ 1 ವರ್ಷ. ದಿನದ ಹೆಚ್ಚಿನ ಹೊತ್ತು ಕಲಿಕೆ ಒಲೆಯ ಮುಂದೆಯೇ. ತರಕಾರಿ ಒಂದೇ ಅಳತೆಗೆ ಹೆಚ್ಚುವುದು, ಗ್ರೇವಿ ಕೂಡಿಸುವುದು, ಕೆಲಸ ಮುಗಿದ ಮೇಲೆ ಕಟ್ಟೆ ತೊಳೆಯುವುದು, ಎಲ್ಲವೂ ಕೈಗೆ ಹತ್ತಬೇಕು. ಆಮೇಲೆ ಹೋಟೆಲಿನಲ್ಲಿ ಅಪ್ರೆಂಟಿಸ್ ಆಗಿ ಕೆಲಸ ಮಾಡುತ್ತಾ ಕಲಿತರೆ ಸ್ಟೈಪೆಂಡ್, ಅಂದರೆ ಕಲಿಕೆಯ ಹೊತ್ತಿನ ಭತ್ಯೆ ಕೂಡ ಸಿಗುತ್ತದೆ. ಮನೆಯಲ್ಲಿ ಬೇಗ ದುಡಿಮೆ ಬೇಕು ಅನ್ನುವವರಿಗೆ ಇದು ದೊಡ್ಡ ಆಸರೆ ಅಲ್ವಾ?

ಐಎಚ್‌ಎಂ ಪದವಿಗೆ ಪಿಯುಸಿ ಬೇಕು, ಅದರಲ್ಲಿ ಇಂಗ್ಲಿಷ್ ಓದಿರಬೇಕು. ಎನ್‌ಸಿಎಚ್‌ಎಂ ಜೆಇಇ ಅನ್ನುವ ಪ್ರವೇಶ ಪರೀಕ್ಷೆ ಬರೆದು ಸೇರಬೇಕು. ಬೆಂಗಳೂರಿನ ಶೇಷಾದ್ರಿ ರಸ್ತೆಯಲ್ಲೇ ಒಂದು ಐಎಚ್‌ಎಂ ಇದೆ. ಇಲ್ಲಿ ಅಡುಗೆ ಒಂದು ಭಾಗ ಮಾತ್ರ. ಬಡಿಸುವುದು, ಫ್ರಂಟ್ ಆಫೀಸ್ (ಅತಿಥಿಗಳನ್ನು ಬರಮಾಡಿಕೊಳ್ಳುವ ಕೌಂಟರಿನ ಕೆಲಸ), ಹೌಸ್‌ಕೀಪಿಂಗ್ ಕೂಡ ಕಲಿಸುತ್ತಾರೆ. ಖರ್ಚು, ಸಮಯ ಎರಡೂ ಜಾಸ್ತಿ. ಆದರೆ ಮುಂದೆ ಮ್ಯಾನೇಜರ್ ಆಗುವ ದಾರಿ ಅಗಲ.

ಅಡುಗೆಮನೆಯೇ ಪ್ರಾಣ ಅನ್ನುವ ಹುಡುಗ ಹುಡುಗಿಯರಿಗೆ ನಾನು ಐಟಿಐ ಅನ್ನುತ್ತೇನೆ. ಹೆಸರಿಗಾಗಿ ಸುಮ್ನೆ ಪದವಿ ಹಿಡಿಯಬೇಡಿ. ಇನ್ನೂ ಮನಸ್ಸು ಗಟ್ಟಿಯಾಗಿಲ್ಲ ಅಂದರೆ ಪಿಯುಸಿ ಓದಿ. ಎರಡಕ್ಕೂ ಮೊದಲು ರಜೆಯಲ್ಲಿ ಪರಿಚಯದ ಹೋಟೆಲಿನ ಅಡುಗೆಮನೆಗೆ ಹೋಗಿ, ಮಧ್ಯಾಹ್ನದ ಊಟದ ಹೊತ್ತಿನ ಕೆಲಸ ಹೇಗಿರುತ್ತದೆ ಅಂತ ಒಮ್ಮೆ ಕಣ್ಣಾರೆ ನೋಡಿ.