ಕಾಲುವೆ ಸೀಮೆಯ ನಕ್ಷೆ: ಯಂತ್ರದ ಗೆರೆ, ಮನುಷ್ಯನ ಗೆರೆ

ಗಂಗಾವತಿ, ಕಾರಟಗಿ ಕಡೆಯ ಹಳ್ಳಿಗಳು ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಇನ್ನೂ ಅರೆಬರೆಯಾಗಿವೆ. 2004ರಲ್ಲಿ ಆರಂಭವಾದ, ಯಾರು ಬೇಕಾದರೂ ತಿದ್ದಬಹುದಾದ ಈ ನಕ್ಷೆಯಲ್ಲಿ ನಮ್ಮ ಸೀಮೆಯನ್ನು ತುಂಬಲು ಕಳೆದ ಬೇಸಿಗೆಯಲ್ಲಿ ಎರಡು ದಾರಿ ಹಿಡಿದೆ. ತುಂಗಭದ್ರಾ ಎಡದಂಡೆ ಕಾಲುವೆಯ ಬದಿಯ ಒಂದು ಭಾಗವನ್ನು, ಉಪಗ್ರಹ ಚಿತ್ರದಿಂದ ರಸ್ತೆ ಮತ್ತು ಕಟ್ಟಡಗಳನ್ನು ತಾನೇ ಗುರುತಿಸುವ ಸಾಧನದ ಸೂಚನೆಗಳನ್ನು ಒಪ್ಪಿಕೊಳ್ಳುತ್ತ ತುಂಬಿದೆ. ಅದರ ಪಕ್ಕದ ಭಾಗವನ್ನು ಬೈಕಿನಲ್ಲಿ ಸುತ್ತಿ, ಮೊಬೈಲಿನಲ್ಲಿ ಜಿಪಿಎಸ್ ಜಾಡು ಹಿಡಿದು, ಕೈಯಿಂದಲೇ ಬರೆದೆ.

ವೇಗದಲ್ಲಿ ಸ್ಪರ್ಧೆಯೇ ಇಲ್ಲ. ನನಗೆ ಎರಡು ಭಾನುವಾರ ಹಿಡಿದ ಕೆಲಸ ಸಾಧನಕ್ಕೆ ಒಂದು ಸಂಜೆಯದು. ರಸ್ತೆಯಿಂದ ಕಾಣದ, ಗದ್ದೆಗಳ ನಡುವಿನ ಒಂಟಿ ಮನೆಗಳನ್ನೂ ಅದು ಬಿಡಲಿಲ್ಲ. ನಾನು ಸುತ್ತಿದ ಭಾಗದಲ್ಲಿ ಅಂಥ ಹಲವು ಮನೆಗಳು ತಪ್ಪಿಹೋಗಿದ್ದವು ಎಂಬುದನ್ನು ಒಪ್ಪಲೇಬೇಕು.

ರಸ್ತೆಗಳ ವಿಚಾರದಲ್ಲಿ ಮಾತ್ರ ಚಿತ್ರ ಬದಲಾಯಿತು. ಭತ್ತದ ಸೀಮೆಯಲ್ಲಿ ಅಗಲವಾದ ಬದುವೂ ಬಂಡಿದಾರಿಯೂ ಮೇಲಿನಿಂದ ಒಂದೇ ರೀತಿಯ ತಿಳಿಬಣ್ಣದ ಪಟ್ಟಿಯಾಗಿ ಕಾಣುತ್ತವೆ. ಸಾಧನ ರಸ್ತೆಯೆಂದು ಎಳೆದ ಒಂದು ಗೆರೆಯನ್ನು ಹಿಡಿದು ಹೋದಾಗ, ಅಲ್ಲಿ ನೀರು ಹಾಯಿಸುತ್ತಿದ್ದ ಹಿರಿಯರು, "ಅದು ದಾರಿ ಅಲ್ಲೋ ತಮ್ಮಾ, ನಮ್ಮ ಗದ್ದಿ ಬದು. ಮಳಿ ಆದ್ರ ನಡದು ಹೋಗಾಕೂ ಬರಂಗಿಲ್ಲ" ಎಂದರು. ಆ ಗೆರೆಯನ್ನು ಅಳಿಸಿದೆ. ಆಂಬ್ಯುಲೆನ್ಸ್ ಚಾಲಕನೊಬ್ಬ ಅದನ್ನು ನಂಬಿ ಬಂದಿದ್ದರೆ ಏನಾಗುತ್ತಿತ್ತು ಎಂಬ ಯೋಚನೆ ಇಂದಿಗೂ ನನ್ನನ್ನು ಬಿಟ್ಟಿಲ್ಲ. ಆನೆಗೊಂದಿಯ ಬಳಿಯಂತೂ ಬಿಸಿಲಿಗೆ ಹೊಳೆಯುವ ಹೆಬ್ಬಂಡೆಗಳು ಕಟ್ಟಡಗಳಾಗಿದ್ದವು. ನೆಲದ ಬಣ್ಣದ್ದೇ ಮಣ್ಣಿನ ಮಾಳಿಗೆಯ ಹಳೆಯ ಮನೆಗಳು ಬಿಟ್ಟುಹೋಗಿದ್ದವು.

ನನ್ನನ್ನು ಹೆಚ್ಚು ಕಾಡಿದ್ದು ಹೆಸರುಗಳು. ಇಂಗ್ಲಿಷ್ ಹೆಸರಿನ ಅಕ್ಷರಗಳನ್ನು ಒಂದೊಂದಾಗಿ ಕನ್ನಡಕ್ಕೆ ತಿರುಗಿಸುವ ಲಿಪ್ಯಂತರ ಸಾಧನವನ್ನು ಪ್ರಯೋಗಿಸಿದಾಗ ಕಾರಟಗಿ 'ಕರಟಗಿ' ಆಯಿತು, ಮಾನ್ವಿ 'ಮನ್ವಿ' ಆಯಿತು, ಆನೆಗೊಂದಿ 'ಅನೆಗುಂಡಿ' ಆಯಿತು, ಕೊಪ್ಪಳದ ಳಕಾರ ಹೋಗಿ 'ಕೊಪ್ಪಲ್' ಉಳಿಯಿತು. ಇಂಗ್ಲಿಷ್ ಬರಹದಲ್ಲಿ ದೀರ್ಘವೂ ಳಕಾರವೂ ಕಳೆದುಹೋಗಿರುವಾಗ ಯಂತ್ರ ಅವನ್ನು ಮರಳಿ ತರುವುದು ಹೇಗೆ? ಊರಿನ ಬಸ್ ನಿಲ್ದಾಣದ ಫಲಕವನ್ನೋ ಶಾಲೆಯ ಗೋಡೆಯನ್ನೋ ಓದಿದವರಿಗೆ ಮಾತ್ರ ಅದು ಸಾಧ್ಯ. ಇಂಥ ತಪ್ಪು ಹೆಸರಿಗಿಂತ ಕನ್ನಡ ಹೆಸರಿನ ಜಾಗ ಖಾಲಿ ಇರುವುದೇ ಮೇಲು ಎಂದು ನಾನು ಖಚಿತವಾಗಿ ಹೇಳುತ್ತೇನೆ. ಖಾಲಿ ಜಾಗಗಳನ್ನು ಓವರ್‌ಪಾಸ್ ಟರ್ಬೊ ಎಂಬ, ನಕ್ಷೆಯ ಮಾಹಿತಿಯನ್ನು ಸೋಸಿ ತೋರಿಸುವ ತಾಣದಲ್ಲಿ ಹುಡುಕಿ ತೆಗೆಯಬಹುದು; ತಪ್ಪು ಹೆಸರು ತುಂಬಿದ ಮೇಲೆ ಕೆಲಸ ಮುಗಿದಂತೆ ಕಾಣುವುದರಿಂದ ಯಾರೂ ಅತ್ತ ತಿರುಗಿ ನೋಡುವುದಿಲ್ಲ.

ದೋಷ ಪತ್ತೆ ಮಾಡುವ ಸಾಧನಗಳ ಬಗ್ಗೆ ನನಗೆ ಈ ತಕರಾರಿಲ್ಲ. ರಸ್ತೆಯ ಗೆರೆ ಕಾಲುವೆಯ ಗೆರೆಯನ್ನು ಸುಮ್ಮನೆ ದಾಟಿದ್ದರೆ ಈ ನಕ್ಷೆಯನ್ನು ತಿದ್ದಲು ಬಳಸುವ ಐಡಿ ಎಡಿಟರ್ ಎಚ್ಚರಿಸುತ್ತದೆ, ಸೇತುವೆಯನ್ನೋ ಸುರಂಗವನ್ನೋ ಸೇರಿಸುವ ಆಯ್ಕೆ ಮುಂದಿಡುತ್ತದೆ. ಅಲ್ಲಿರುವುದು ಕಟ್ಟಿದ ಸೇತುವೆಯೋ, ರಸ್ತೆಯ ಕೆಳಗೆ ಹೂತ ಸಿಮೆಂಟ್ ಪೈಪೋ ಎಂಬುದನ್ನು ನೋಡಿದವರೇ ಹೇಳಬೇಕು. ಆದರೆ ನೋಡಬೇಕಾದ ಜಾಗವನ್ನು ತೋರಿಸಿಕೊಟ್ಟದ್ದೇ ದೊಡ್ಡ ಉಪಕಾರ. ಸಾಮೂಹಿಕ ಸ್ವಯಂಚಾಲಿತ ತಿದ್ದುಪಡಿಗೆ ಮೊದಲು ಸಮುದಾಯದೊಂದಿಗೆ ಚರ್ಚಿಸಬೇಕು, ಮಾಡುವುದನ್ನು ದಾಖಲಿಸಬೇಕು ಎಂಬ ನಿಯಮ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿದೆ, ಮತ್ತು ಅದು ನ್ಯಾಯವಾದದ್ದೇ.

ಈಗ ನಾನು ಯಂತ್ರದ ಸೂಚನೆಗಳಲ್ಲಿ ಮನೆಗಳನ್ನು ಒಂದೊಂದಾಗಿ ನೋಡಿ ಒಪ್ಪುತ್ತೇನೆ, ರಸ್ತೆಗಳನ್ನು ಸ್ಥಳಕ್ಕೆ ಹೋಗಿ ಬಂದ ಮೇಲೆ ಒಪ್ಪುತ್ತೇನೆ, ಹೆಸರುಗಳನ್ನು ಯಂತ್ರಕ್ಕೆ ಮುಟ್ಟಲು ಬಿಡುವುದೇ ಇಲ್ಲ. ಕಾಲುವೆಯ ನೀರು ಬಂದ ಮೇಲೆ ಆಂಧ್ರದಿಂದ ಬಂದು ನೆಲೆಸಿದ ರೈತರ ಕ್ಯಾಂಪುಗಳು ಈ ಭಾಗದ ತುಂಬ ಇವೆ. ಅಂಥ ಎರಡು ಕ್ಯಾಂಪುಗಳ ಮನೆಗಳೆಲ್ಲ ಈಗ ನಕ್ಷೆಯಲ್ಲಿವೆ. ಹೆಸರಿನ ಜಾಗ ಖಾಲಿ ಬಿಟ್ಟು, 'ಸ್ಥಳದಲ್ಲಿ ಕೇಳಿ ತುಂಬಬೇಕು' ಎಂಬ ಟಿಪ್ಪಣಿ ಹಾಕಿದ್ದೇನೆ.