ಫೋಟೋಪಿಲ್ಸ್: ನಾಲ್ಕು ವರ್ಷ ಘಟ್ಟದಲ್ಲಿ ಬಳಸಿದ ಮೇಲೆ

ನಸುಕಿಗೆ ಹೊರಟು ಸಂಜೆಗೆ ಮನೆ ಸೇರುವಂತೆ ಬೆಟ್ಟದ ಫೋಟೋಗೆ ಹೋಗುವವರಿಗೆ, ಸೂರ್ಯ ಚಂದ್ರರು ಯಾವಾಗ, ಯಾವ ದಿಕ್ಕಿನಲ್ಲಿ ಇರುತ್ತಾರೆಂದು ಲೆಕ್ಕ ಹಾಕಿಕೊಡುವ ಈ ಆ್ಯಪ್ ಖಂಡಿತ ಉಪಯೋಗಕ್ಕೆ ಬರುತ್ತದೆ. ಆದರೆ ಮೊದಲ ತೆರೆಯಲ್ಲಿ ಕಾಣುವ ಸೂರ್ಯೋದಯದ ಸಮಯವನ್ನೇ ನಂಬಿಕೊಂಡು ಹೊರಡಬಾರದು. ಆ ಲೆಕ್ಕಕ್ಕೆ ನಿಮ್ಮ ಎದುರಿಗಿರುವ ಗುಡ್ಡ ಗೊತ್ತಿಲ್ಲ. ಪಶ್ಚಿಮ ಘಟ್ಟದಲ್ಲಿ ಎದುರಿಗೆ ಗುಡ್ಡವಿಲ್ಲದ ಜಾಗ ಸಿಗುವುದು ಕಡಿಮೆ.

ಇದನ್ನು ಸರಿಪಡಿಸುವ ಸಲಕರಣೆ ಆ್ಯಪ್‌ನ ನಕ್ಷೆಯ ಭಾಗವಾದ ಪ್ಲಾನರ್‌ನಲ್ಲೇ ಇದೆ. ಕೆಂಪು ಪಿನ್ನನ್ನು ನೀವು ನಿಲ್ಲುವ ಜಾಗದಲ್ಲಿ ಇಡಿ, ಕಪ್ಪು ಪಿನ್ನನ್ನು ಸೂರ್ಯ ಹುಟ್ಟುವ ಗೆರೆಯ ಮೇಲೆ ಬರುವ ಗುಡ್ಡದ ನೆತ್ತಿಗೆ ಇಡಿ. ಎರಡರ ನಡುವಿನ ದೂರ, ಎತ್ತರದ ವ್ಯತ್ಯಾಸ ಮತ್ತು ಕೋನ ಸಿಗುತ್ತದೆ. ನಮ್ಮ ಅಕ್ಷಾಂಶದಲ್ಲಿ ಸೂರ್ಯ ಒಂದು ಡಿಗ್ರಿ ಏರಲು 4ರಿಂದ 4.5 ನಿಮಿಷ ಬೇಕು. ಎದುರಿನ ಗುಡ್ಡ 2 ಕಿ.ಮೀ. ದೂರದಲ್ಲಿದ್ದು ನಿಮಗಿಂತ 150 ಮೀಟರ್ ಎತ್ತರವಿದ್ದರೆ ಕೋನ 4.3 ಡಿಗ್ರಿ. ಅಂದರೆ ಬಿಸಿಲು ಬೀಳುವುದು ಆ್ಯಪ್ ಹೇಳಿದ ಸಮಯಕ್ಕಿಂತ 20 ನಿಮಿಷದಷ್ಟು ತಡ. ಅಷ್ಟರೊಳಗೆ ಸೂರ್ಯ ಸುಮಾರು ಒಂದು ಡಿಗ್ರಿ ಬಲಕ್ಕೂ ಸರಿದಿರುತ್ತಾನೆ. ಸೂರ್ಯನ ಅಗಲವೇ ಅರ್ಧ ಡಿಗ್ರಿಯಾದ್ದರಿಂದ, ಉದ್ದ ಲೆನ್ಸ್ ಹಾಕಿದವರಿಗೆ ಅದು ಎರಡು ಸೂರ್ಯರಷ್ಟು ತಪ್ಪು. ಮುಳ್ಳಯ್ಯನಗಿರಿಯಂಥ 1,930 ಮೀಟರ್ ತುದಿಯಿಂದ ಪೂರ್ವದ ಬಯಲಿನತ್ತ ನೋಡಿದರೆ ಇದೇ ಲೆಕ್ಕ ತಿರುಗುಮುರುಗಾಗಿ, ಮೂರು ನಾಲ್ಕು ನಿಮಿಷ ಮೊದಲೇ ಸೂರ್ಯ ಕಾಣುತ್ತಾನೆ.

ಎತ್ತರದ ಅಂಕಿಗಳಲ್ಲೂ ಎಚ್ಚರ ಬೇಕು. ನಕ್ಷೆಯ ಎತ್ತರದ ಮಾಹಿತಿ ಚೌಕ ಚೌಕವಾಗಿ ಸರಾಸರಿ ಮಾಡಿದ್ದು, ಹಾಗಾಗಿ ಕತ್ತಿಯಂಥ ಏಣುಗಳ ನೆತ್ತಿ ಅದರಲ್ಲಿ ಸವೆದುಹೋಗಿರುತ್ತದೆ. ಗುಡ್ಡ 10 ಕಿ.ಮೀ. ಆಚೆಗಿದ್ದರೆ 20 ಮೀಟರ್ ತಪ್ಪಿದರೂ ಚಿಂತೆಯಿಲ್ಲ, ಕೋನದಲ್ಲಿ ಬರುವ ವ್ಯತ್ಯಾಸ 0.1 ಡಿಗ್ರಿ. ಒಂದೇ ಕಿ.ಮೀ. ದೂರದಲ್ಲಿದ್ದರೆ ಅದೇ 20 ಮೀಟರ್ ಒಂದು ಡಿಗ್ರಿಗೂ ಹೆಚ್ಚು, ಅಂದರೆ ಐದು ನಿಮಿಷ. ಹತ್ತಿರದ ಗುಡ್ಡಗಳಿಗೆ ಪಿನ್ನಿನ ಎತ್ತರವನ್ನು ಕೈಯಾರೆ ತಿದ್ದಿಕೊಳ್ಳುವುದೇ ಒಳ್ಳೆಯದು.

ಇಷ್ಟು ವರ್ಷದ ಬಳಕೆಯಲ್ಲಿ ಹಾಕಿದ ದುಡ್ಡಿಗೆ ನಿಜವಾದ ಬೆಲೆ ಕೊಟ್ಟಿರುವುದು 'ಫೈಂಡ್' ಎಂಬ ಹುಡುಕುವ ಸೌಲಭ್ಯ. ಸೂರ್ಯ ಅಥವಾ ಚಂದ್ರ ಇಂಥ ದಿಕ್ಕಿನಲ್ಲಿ, ಇಷ್ಟು ಎತ್ತರದಲ್ಲಿ ಬರುವ ದಿನಗಳು ಯಾವುವು ಎಂದು ಕೇಳಿದರೆ ಪಟ್ಟಿ ಕೊಡುತ್ತದೆ. ಚಿಕ್ಕಮಗಳೂರಿನ ಅಕ್ಷಾಂಶದಲ್ಲಿ ಸೂರ್ಯ ಹುಟ್ಟುವ ದಿಕ್ಕು, ಉತ್ತರದಿಂದ ಪ್ರದಕ್ಷಿಣೆಯಾಗಿ ಅಳೆದರೆ, ಜೂನ್‌ನಲ್ಲಿ 66 ಡಿಗ್ರಿ, ಡಿಸೆಂಬರ್‌ನಲ್ಲಿ 114. ಗುಡಿ, ಒಂಟಿ ಮರ, ಬಂಡೆ ಯಾವುದೇ ಆಗಲಿ, ಈ 48 ಡಿಗ್ರಿಯೊಳಗೆ ಬಿದ್ದರೆ ಮಾತ್ರ ಹುಟ್ಟುವ ಸೂರ್ಯ ಅದರ ಹಿಂದೆ ಬರುತ್ತಾನೆ. ಮಾರ್ಚ್ ಮತ್ತು ಸೆಪ್ಟೆಂಬರ್ ಕೊನೆಯಲ್ಲಿ ಈ ದಿಕ್ಕು ದಿನಕ್ಕೆ 0.4 ಡಿಗ್ರಿ ಸರಿಯುತ್ತದೆ, ಒಂದು ದಿನ ತಪ್ಪಿದರೆ ಜಾಗವನ್ನೇ ಬದಲಿಸಬೇಕು. ಡಿಸೆಂಬರ್ 21ರ ಆಸುಪಾಸಿನಲ್ಲಿ ಅದು ಹೆಚ್ಚುಕಡಿಮೆ ನಿಂತೇ ಇರುತ್ತದೆ. ಮೋಡ ಬಂದರೆ ಮರುದಿನ, ಅದರ ಮರುದಿನ ಮತ್ತೆ ಪ್ರಯತ್ನಿಸಬಹುದು. ರಜೆ ಕಡಿಮೆ ಇರುವವರು ಆ ದಿನಗಳಿಗೇ ಸರಿಹೊಂದುವ ಚೌಕಟ್ಟು ಹುಡುಕುವುದು ಜಾಣತನ.

ಸೂರ್ಯ ವಸ್ತುವಿನಷ್ಟೇ ದೊಡ್ಡದಾಗಿ ಕಾಣಬೇಕಾದರೆ ಆ ವಸ್ತುವಿನ ಎತ್ತರದ ಸುಮಾರು 108 ಪಟ್ಟು ದೂರ ನಿಲ್ಲಬೇಕು. 10 ಮೀಟರ್ ಗೋಪುರಕ್ಕೆ 1,080 ಮೀಟರ್. ಅಷ್ಟು ದೂರದಲ್ಲಿ ನಿಲ್ಲಲು ನೆಲವಿದೆಯೋ, ಬರೀ ಕಣಿವೆಯೋ ಎಂಬುದನ್ನು ಉಪಗ್ರಹ ನಕ್ಷೆಯಲ್ಲೇ ನೋಡಿಕೊಳ್ಳಿ.

ಹೊಂಬೆಳಕಿನ (ಗೋಲ್ಡನ್ ಅವರ್) ಬಗ್ಗೆ ಒಂದು ಮಾತು. ಆ್ಯಪ್ ಅದನ್ನು ಸೂರ್ಯ ದಿಗಂತಕ್ಕಿಂತ 6 ಡಿಗ್ರಿ ಮೇಲಿನಿಂದ 4 ಡಿಗ್ರಿ ಕೆಳಗಿನವರೆಗೆ ಎಂದು ಲೆಕ್ಕ ಹಾಕುತ್ತದೆ. ಯುರೋಪಿನವರ ವಿಡಿಯೋ ನೋಡಿ ಕಲಿತವರು ಇಲ್ಲಿ ಎಡವುತ್ತಾರೆ. ಅಲ್ಲಿ ಸೂರ್ಯ ಓರೆಯಾಗಿ ಇಳಿಯುತ್ತಾನೆ, ನಮ್ಮಲ್ಲಿ ಹೆಚ್ಚುಕಡಿಮೆ ನೆಟ್ಟಗೆ. ಹಾಗಾಗಿ ನಮಗೆ ಸಿಗುವುದು 45 ನಿಮಿಷದ ಆಸುಪಾಸು, ನಂತರದ ನೀಲಿ ಬೆಳಕು ಬರೀ 9 ನಿಮಿಷ. ಜನವರಿ ಮಧ್ಯದಲ್ಲಿ 6:19ಕ್ಕೆ ಸೂರ್ಯ ಮುಳುಗುವುದಾದರೆ 5:50ಕ್ಕೆ ಟ್ರೈಪಾಡ್ ನಿಂತಿರಬೇಕು, 6:42ಕ್ಕೆ ಎಲ್ಲ ಮುಗಿದಿರುತ್ತದೆ. ಎರಡು ಚೌಕಟ್ಟಿಗಿಂತ ಹೆಚ್ಚು ಆಸೆ ಪಡಬೇಡಿ.

ಫೋನನ್ನು ಆಕಾಶಕ್ಕೆ ಹಿಡಿದರೆ ಕ್ಯಾಮೆರಾದ ದೃಶ್ಯದ ಮೇಲೇ ಸೂರ್ಯನ ಹಾದಿ ತೋರಿಸುವ ಎ.ಆರ್. ನಿಜಕ್ಕೂ ಒಳ್ಳೆಯದು, ದಿಕ್ಸೂಚಿ ಸರಿಯಿದ್ದರೆ. ಅಯಸ್ಕಾಂತವಿರುವ ಫೋನ್ ಕವರ್, ಕಾರಿನ ಬಾನೆಟ್, ಕಬ್ಬಿಣದ ರೇಲಿಂಗ್ ಯಾವುದೂ ಹತ್ತಿರ ಇರಬಾರದು. ಸೂರ್ಯ ಕಾಣುತ್ತಿರುವಾಗಲೇ ತೆರೆಯ ಮೇಲಿನ ಸೂರ್ಯನನ್ನು ನಿಜವಾದ ಸೂರ್ಯನ ಮೇಲೆ ಎಳೆದು ಹೊಂದಿಸಿಕೊಳ್ಳಿ. ಅಷ್ಟು ಮಾಡದೆ ಹಾದಿ ನೋಡಿದರೆ ಹತ್ತು ಡಿಗ್ರಿ ತಪ್ಪಿದ್ದರೂ ಗೊತ್ತಾಗುವುದಿಲ್ಲ. ಘಟ್ಟದಲ್ಲಿ ನೆಟ್‌ವರ್ಕ್ ಹೋದಾಗ ಸೂರ್ಯನ ಲೆಕ್ಕ ನಡೆಯುತ್ತದೆ, ನಕ್ಷೆ ಕೈಕೊಡುತ್ತದೆ. ಹಿಂದಿನ ರಾತ್ರಿಯೇ ಪ್ಲಾನ್ ಉಳಿಸಿಟ್ಟು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಬೇಕು.

ಇನ್ನು ಆ್ಯಪ್‌ಗೆ ಗೊತ್ತೇ ಇಲ್ಲದ ಎರಡು ಸಂಗತಿಗಳು: ಗೇಟು ಮತ್ತು ಮೋಡ.

ಮುಳ್ಳಯ್ಯನಗಿರಿಯ ಗೇಟು ಬೆಳಿಗ್ಗೆ 6ಕ್ಕೆ ತೆರೆಯುತ್ತದೆ ಎಂದಿಟ್ಟುಕೊಳ್ಳಿ. ಘಟ್ಟದ ರಸ್ತೆಗೆ 35 ನಿಮಿಷ, ಮೆಟ್ಟಿಲಿಗೆ 20, ಅಲ್ಲಿಗೆ 6:55. ಜೂನ್‌ನಲ್ಲಿ ಸೂರ್ಯ 6:01ಕ್ಕೇ ಹುಟ್ಟಿರುತ್ತಾನೆ. ಡಿಸೆಂಬರ್ 21ಕ್ಕೆ 6:45, ಜನವರಿ ಮಧ್ಯಕ್ಕೆ 6:53. ಅಲ್ಲಿಂದ ಫೆಬ್ರುವರಿ ಮೊದಲ ವಾರದವರೆಗೆ ಸೂರ್ಯೋದಯ ವರ್ಷದಲ್ಲೇ ಅತಿ ತಡ. ಆಗಲೂ ತುದಿ ಮುಟ್ಟುವಷ್ಟರಲ್ಲಿ ಸೂರ್ಯ ಮೇಲೆ ಬಂದಿರುತ್ತಾನೆ. ಹಾಗಾಗಿ ಮೆಟ್ಟಿಲ ಹಂಬಲ ಬಿಟ್ಟು, ಪೂರ್ವಕ್ಕೆ ತೆರೆದ ರಸ್ತೆಬದಿಯ ತಿರುವೊಂದನ್ನು ಮೊದಲೇ ಗುರುತಿಸಿಟ್ಟುಕೊಂಡು ಅಲ್ಲೇ ನಿಲ್ಲುವುದು ವಾಸಿ. ವಾಹನ ನೋಂದಣಿ, ಗೇಟಿನ ಸಮಯ ಬದಲಾಗುತ್ತಿರುತ್ತವೆ, ಹೊರಡುವ ಮುನ್ನ ವಿಚಾರಿಸಿ.

ಕುದುರೆಮುಖದ ಚಾರಣದಲ್ಲಿ ಸೂರ್ಯೋದಯ, ಸೂರ್ಯಾಸ್ತ ಎರಡೂ ಇಲ್ಲ. ಅನುಮತಿ ಹಗಲಿಗೆ ಮಾತ್ರ, ದಿನಕ್ಕೆ ಇಂತಿಷ್ಟೇ ಜನ. ಅಲ್ಲಿ ಹೊಂಬೆಳಕನ್ನು ಮರೆತು ನೆರಳಿನ ಉದ್ದ ನೋಡಿ. ಜನವರಿಯಲ್ಲಿ 9 ಗಂಟೆಗೆ ನೆರಳು ವಸ್ತುವಿನ ಎರಡು ಪಟ್ಟು, 10:30ಕ್ಕೆ ಸಮ. ಹುಲ್ಲುಗಾವಲಿನ ಮಡಿಕೆ, ಶೋಲಾ ಕಾಡಿನ ಅಂಚು ಎದ್ದು ಕಾಣುವುದು ಅಷ್ಟರವರೆಗೆ. ಚಾರಣದ ಹಾದಿಯಲ್ಲಿ ಸಿಗುವ ಒಂಟಿಮರವೆಂಬ ಜಾಗ ದಾಟಿದ ಮೇಲಿನ ಬಯಲನ್ನು ಆ ಹೊತ್ತಿಗೆ ತಲುಪುವಂತೆ ನಡಿಗೆ ಶುರುಮಾಡಬೇಕು. ಮಧ್ಯಾಹ್ನ 2:40ರ ನಂತರ ನೆರಳು ಮತ್ತೆ ಬೆಳೆಯುತ್ತದೆ, ಆದರೆ ಅದು ಇಳಿಯುವ ಹೊತ್ತು.

ಮೋಡಕ್ಕೆ ವಿಂಡಿಯಂಥ ಬೇರೆ ಹವಾಮಾನದ ಆ್ಯಪ್ ಬೇಕು. ಅಲ್ಲಿನ ಯುರೋಪಿಯನ್ ಮುನ್ಸೂಚನೆ ಮಾದರಿಯ ಒಂದು ಚೌಕ ಸುಮಾರು 9 ಕಿ.ಮೀ., ಬೆಟ್ಟದ ಏಣು ಅದಕ್ಕಿಂತ ಎಷ್ಟೋ ಕಿರಿದು. ಅದರ ನಕ್ಷೆಯ ಬಣ್ಣಕ್ಕಿಂತ ಹೆಚ್ಚು ನಂಬಬಹುದಾದದ್ದು ಊರಿನ ಉಷ್ಣಾಂಶ ಮತ್ತು ಇಬ್ಬನಿ ಬಿಂದುವಿನ (ಗಾಳಿಯ ತೇವ ಹನಿಗಟ್ಟುವ ಉಷ್ಣಾಂಶ) ವ್ಯತ್ಯಾಸ. ಒಂದು ಡಿಗ್ರಿಗೆ 125 ಮೀಟರ್ ಎಂದು ಗುಣಿಸಿದರೆ, ಊರಿನಿಂದ ಎಷ್ಟು ಮೇಲೆ ಮೋಡದ ತಳ ಇರಬಹುದು ಎಂಬ ಅಂದಾಜು. ಚಿಕ್ಕಮಗಳೂರು ಸಾವಿರ ಮೀಟರ್ ಚಿಲ್ಲರೆ ಎತ್ತರದಲ್ಲಿದೆ. ಸಂಜೆ 22 ಡಿಗ್ರಿ, ಇಬ್ಬನಿ ಬಿಂದು 18 ಇದ್ದರೆ ತಳ 1,500 ಮೀಟರ್ ದಾಟಿದ ಸ್ವಲ್ಪದರಲ್ಲೇ ಬರುತ್ತದೆ. ಮೋಡ ಕಟ್ಟಿತೆಂದರೆ ತುದಿ ಅದರೊಳಗೆ. ಕಣಿವೆಯಲ್ಲಿ ಮಂಜಿನ ಹಾಸು ಬೇಕೆನ್ನುವವರು ನವೆಂಬರ್‌ನಿಂದ ಫೆಬ್ರುವರಿಯ ನಡುವೆ ಗಾಳಿ ಬೀಸದ, ಶುಭ್ರ ಆಕಾಶದ ರಾತ್ರಿಗಾಗಿ ಕಾಯಬೇಕು.

ಒಮ್ಮೆ ದುಡ್ಡು ಕೊಟ್ಟರೆ ಸಾಕು, ವರ್ಷ ವರ್ಷ ಕಟ್ಟಬೇಕಿಲ್ಲ. ಐಫೋನ್, ಆಂಡ್ರಾಯ್ಡ್ ಎರಡಕ್ಕೂ ಇದೆ. ಕಲಿಯಲು ಒಂದು ವಾರ ಬೇಕೇ ಬೇಕು, ತೆರೆ ತುಂಬ ಅಂಕಿಗಳು. ವರ್ಷಕ್ಕೊಮ್ಮೆ ಕೊಡಚಾದ್ರಿಗೆ ಜೀಪಿನಲ್ಲಿ ಹೋಗಿ ಸೂರ್ಯಾಸ್ತ ತೆಗೆಯುವವರಿಗೆ ಇದರ ಅಗತ್ಯವಿಲ್ಲ, ಸೂರ್ಯ ಮುಳುಗುವ ಸಮಯ ಮತ್ತು ಜೀಪು ವಾಪಸ್ ಹೊರಡುವ ಸಮಯ ಗೊತ್ತಿದ್ದರೆ ಸಾಕು. ತಿಂಗಳಿಗೊಮ್ಮೆಯಾದರೂ ಬೆಟ್ಟ ಹತ್ತುವವರು ಕೊಳ್ಳಿ.