‘ಹರ್ಟ್’: ನೈನ್ ಇಂಚ್ ನೇಲ್ಸ್ ಕೇಳೋದಾ, ಜಾನಿ ಕ್ಯಾಶ್ ಕೇಳೋದಾ?

ಹಾಡು ಒಂದೇ, ಸಾಹಿತ್ಯವೂ ಹೆಚ್ಚುಕಮ್ಮಿ ಒಂದೇ. ಆದರೆ ನೋವು ಬೇರೆ.

ಬರೆದದ್ದು ನೈನ್ ಇಂಚ್ ನೇಲ್ಸ್ ಅನ್ನೋ ಅಮೆರಿಕದ ರಾಕ್ ಬ್ಯಾಂಡ್ ಕಟ್ಟಿದ ಟ್ರೆಂಟ್ ರೆಜ್ನರ್. 1994ರ ‘ದಿ ಡೌನ್‌ವರ್ಡ್ ಸ್ಪೈರಲ್’ ಆಲ್ಬಂನ ಕೊನೆಯ ಹಾಡು. ಆಗ ಅವನಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಪಿಸುಮಾತಿನಂತೆ ಶುರುವಾಗಿ ಕೊನೆಗೆ ಗಿಟಾರ್ ಗದ್ದಲದಲ್ಲಿ ಮುಳುಗುತ್ತದೆ. ತನ್ನನ್ನು ತಾನೇ ಹಾಳು ಮಾಡಿಕೊಂಡವನ ಸಿಟ್ಟು ಇಲ್ಲಿ ಜಾಸ್ತಿ.

ಅಮೆರಿಕದ ಕಂಟ್ರಿ ಗಾಯಕ ಜಾನಿ ಕ್ಯಾಶ್ ಇದನ್ನು ಹಾಡಿದ್ದು 2002ರಲ್ಲಿ, ರಿಕ್ ರೂಬಿನ್ ನಿರ್ಮಾಣದಲ್ಲಿ. ವಯಸ್ಸು ಎಪ್ಪತ್ತು, ಆರೋಗ್ಯ ಕೆಟ್ಟಿತ್ತು, ದನಿ ನಡುಗುತ್ತಿತ್ತು, ಅದನ್ನು ಮುಚ್ಚಿಡಲು ಯಾರೂ ಹೋಗಿಲ್ಲ. ಗೊತ್ತಿದ್ದವರೆಲ್ಲ ಕೊನೆಗೆ ಬಿಟ್ಟುಹೋಗುತ್ತಾರೆ ಅನ್ನೋ ಅರ್ಥದ ಸಾಲು ರೆಜ್ನರ್ ಬಾಯಲ್ಲಿ ದೂರಿನಂತೆ ಕೇಳುತ್ತದೆ, ಅದೇ ಸಾಲನ್ನು ಈ ಮುದುಕ ಹಾಡಿದಾಗ ಎಷ್ಟೋ ಜನರನ್ನು ಮಣ್ಣು ಮಾಡಿ ಬಂದವನ ಮಾತು ಅನ್ನಿಸುತ್ತದೆ, ಅಲ್ವಾ? ಮಾರ್ಕ್ ರೊಮಾನೆಕ್ ಮಾಡಿದ ವಿಡಿಯೊದಲ್ಲಿ ಕ್ಯಾಶ್‌ನ ಹೆಂಡತಿ ಜೂನ್ ಸುಮ್ನೆ ನಿಂತು ಅವನನ್ನೇ ನೋಡುತ್ತಾಳೆ. 2003ರ ಮೇ ತಿಂಗಳಲ್ಲಿ ಆಕೆ ತೀರಿಕೊಂಡಳು, ಸೆಪ್ಟೆಂಬರ್‌ನಲ್ಲಿ ಅವನೂ ಹೋದ. ವಿಡಿಯೊ ನೋಡಿದ ಮೇಲೆ ಈ ಹಾಡು ಇನ್ನು ನನ್ನದಲ್ಲ ಅನ್ನಿಸಿತು ಎಂದು ರೆಜ್ನರ್ ಸ್ವತಃ ಹೇಳಿದ್ದಾನೆ.

ನನ್ನ ಓಟು ಕ್ಯಾಶ್‌ಗೆ. (ಕೊನೆಯಲ್ಲಿ ಪಿಯಾನೊವನ್ನು ಅಷ್ಟು ಕುಟ್ಟಬೇಕಿರಲಿಲ್ಲ, ಅದು ಬೇರೆ ಮಾತು.) ನಿಮ್ಮ ಮೇಲೆ ನಿಮಗೇ ಸಿಟ್ಟಿದ್ದರೆ ರೆಜ್ನರ್ ಹಾಕಿಕೊಳ್ಳಿ, ಆದರೆ ಆಲ್ಬಂ ಮೊದಲಿಂದ ಕೇಳುತ್ತಾ ಬನ್ನಿ. ಹತ್ತಿರದವರನ್ನು ಇತ್ತೀಚೆಗೆ ಕಳೆದುಕೊಂಡಿದ್ದರೆ ಕ್ಯಾಶ್ ಸರಿ. ವಿಡಿಯೊ ಮಾತ್ರ ಸ್ವಲ್ಪ ದಿನ ಬಿಟ್ಟು ನೋಡಿ.